ಚೌಕಟ್ಟಿನ ಅಂಚಿನಲ್ಲಿ ನಿಂತವರು

ಕಲಬುರಗಿಯಿಂದ ಹುಮನಾಬಾದಿನ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಕಮಲಾಪುರ ಸಿಗುತ್ತದೆ. ಕೆಂಪು ಬಾಳೆಹಣ್ಣಿಗೆ ಹೆಸರಾದ ಊರು. ಕೆಲವು ವರ್ಷಗಳ ಹಿಂದೆ ಅಲ್ಲಿ ಪರಿಚಯದವರ ಮನೆಯೊಂದಕ್ಕೆ ಹೋಗಿದ್ದೆ. ಪಡಸಾಲೆಯ ಗೋಡೆಯ ಮೇಲೆ ದೊಡ್ಡ ಚೌಕಟ್ಟಿನ ಹಳೆಯ ಫೋಟೋ ಒಂದಿತ್ತು. ರುಮಾಲು ಸುತ್ತಿದ ಇಬ್ಬರು ಹಿರಿಯರು ಕುರ್ಚಿಗಳ ಮೇಲೆ ಕುಳಿತಿದ್ದರು. ಅವರ ಹಿಂದೆ ಹೆಣ್ಣುಮಕ್ಕಳು ತಲೆಯ ಮೇಲೆ ಸೆರಗು ಹೊದ್ದು ನಿಂತಿದ್ದರು. ಮುಂದೆ ಜಮಖಾನೆಯ ಮೇಲೆ ಮಕ್ಕಳು ಕುಳಿತಿದ್ದವು. ಮನೆಯ ಯಜಮಾನರು ಒಬ್ಬೊಬ್ಬರನ್ನೇ ಬೆರಳಿಟ್ಟು ತೋರಿಸಿ ಹೆಸರು ಹೇಳಿದರು. ಯಾರು ಯಾರಿಗೆ ಏನಾಗಬೇಕು, ಯಾರನ್ನು ಯಾವ ಊರಿಗೆ ಕೊಟ್ಟಿದ್ದರು ಎಂಬುದೆಲ್ಲ ಅವರ ನಾಲಗೆಯ ತುದಿಯಲ್ಲಿತ್ತು.

ಎಡಗಡೆಯ ಅಂಚಿನಲ್ಲಿ, ಅರ್ಧ ತೋಳು ಚೌಕಟ್ಟಿನೊಳಗೆ ಮುಚ್ಚಿಹೋದಂತೆ, ಹತ್ತು ವರ್ಷದ ಒಬ್ಬ ಹುಡುಗ ಬರಿಗಾಲಿನಲ್ಲಿ ನಿಂತಿದ್ದ. ಅವನ ಸೊಂಟದ ಮೇಲೆ ಮನೆಯ ಕೂಸು ಇತ್ತು. "ಇಂವ ಯಾರ್ರೀ?" ಎಂದು ಕೇಳಿದೆ. "ಅಂವಾ? ಅಂವ ಮನೀ ಆಳಿನ ಹುಡುಗ್ರೀ. ಜೀತಕ್ಕ ಇದ್ದನಂತ," ಎಂದರು. ಹೆಸರು ಕೇಳಿದಾಗ ಸುಮ್ಮನಾದರು. ಕೂಸಿನ ಹೆಸರು ಅವರಿಗೆ ಗೊತ್ತಿತ್ತು. ಕೂಸನ್ನು ಎತ್ತಿಕೊಂಡವನ ಹೆಸರು ಗೊತ್ತಿರಲಿಲ್ಲ.

ಆ ದಿನದಿಂದ ಹಳೆಯ ಚಿತ್ರಗಳನ್ನು ನೋಡುವ ನನ್ನ ರೀತಿಯೇ ಬದಲಾಯಿತು. ನಡುವೆ ಕುಳಿತವರನ್ನು ಬಿಟ್ಟು ಅಂಚಿನಲ್ಲಿ ನಿಂತವರನ್ನು ಮೊದಲು ಹುಡುಕುವ ಅಭ್ಯಾಸವಾಯಿತು. ಎಸ್. ಎಂ. ಪಂಡಿತರಂಥ (1916–1993) ಚಿತ್ರಕಾರರು ಹುಟ್ಟಿದ ಕಲಬುರಗಿಯ ಜನರಿಗೆ ಭಾವಚಿತ್ರವೆಂದರೆ ಏನೆಂದು ಹೇಳಿಕೊಡಬೇಕಾಗಿಲ್ಲ. ಅದು ಒಬ್ಬ ಮನುಷ್ಯನ ಮುಖವನ್ನು ಉಳಿಸಿಕೊಡುವ ಕಲೆ. ಆದರೆ ಶತಮಾನಗಳ ಕಾಲ ಅದು ಇನ್ನೊಂದು ಕೆಲಸವನ್ನೂ ಮಾಡಿತು. ಯಾರು ದೊಡ್ಡವರು, ಯಾರು ಅವರ ಸೊತ್ತು ಎಂಬುದನ್ನೂ ಅದು ಬರೆದಿಟ್ಟಿತು. ಈ ಎರಡನೆಯ ಬರಹವನ್ನು ಓದುವುದು ಹೇಗೆ ಎಂಬುದೇ ಈ ಲೇಖನದ ವಿಷಯ.

ಕಲಬುರಗಿಯ ದಿನಾರ್

ಗುಲಾಮಗಿರಿ ಎಂದೊಡನೆ ನಮ್ಮ ಮನಸ್ಸು ಅಮೆರಿಕದ ಹತ್ತಿಯ ಹೊಲಗಳಿಗೆ ಓಡುತ್ತದೆ. ಅಷ್ಟು ದೂರ ಹೋಗಬೇಕಾಗಿಲ್ಲ. 1347ರಲ್ಲಿ ಕಲಬುರಗಿ ಬಹಮನಿ ರಾಜ್ಯದ ರಾಜಧಾನಿಯಾಯಿತು. ಮುಂದೆ ರಾಜಧಾನಿ ಬೀದರಿಗೆ ಹೋಯಿತು. ಈ ಎರಡೂ ಊರುಗಳ ಆಸ್ಥಾನಗಳಲ್ಲಿ ಆಫ್ರಿಕದ ಅಬಿಸೀನಿಯದಿಂದ, ಅಂದರೆ ಇಂದಿನ ಇಥಿಯೋಪಿಯದ ಕಡೆಯಿಂದ, ಗುಲಾಮರಾಗಿ ಬಂದ ಜನರಿದ್ದರು. ಅವರನ್ನು ಹಬಶಿಗಳೆಂದು ಕರೆಯುತ್ತಿದ್ದರು. ಕಮಲಾಪುರ, ಹುಮನಾಬಾದುಗಳನ್ನು ದಾಟಿ ಬೀದರಿಗೆ ಹೋದರೆ ಊರಾಚೆ ಹಬಶಿ ಕೋಟ್ ಎಂಬ ದಿಬ್ಬವಿದೆ. ಆ ಸರದಾರರ ಗೋರಿಗಳು ಅಲ್ಲಿವೆ.

ಅವರು ಇಲ್ಲಿಗೆ ಬಂದದ್ದು ವ್ಯಾಪಾರದ ಸರಕಾಗಿ. ಕೆಂಪು ಸಮುದ್ರದ ಆಚೆ ಯುದ್ಧಗಳಲ್ಲಿ ಸಿಕ್ಕವರನ್ನು, ಕದ್ದ ಮಕ್ಕಳನ್ನು, ಬಡತನದಲ್ಲಿ ಮಾರಿದ ಮಕ್ಕಳನ್ನು ಅರಬ್ಬೀ ದಲ್ಲಾಳಿಗಳು ಹಡಗಿನಲ್ಲಿ ಕೊಂಕಣದ ಬಂದರುಗಳಿಗೆ ತರುತ್ತಿದ್ದರು. ಭಾರತದ ಬಟ್ಟೆ ಅತ್ತ ಹೋಗುತ್ತಿತ್ತು, ಮನುಷ್ಯರು ಇತ್ತ ಬರುತ್ತಿದ್ದರು. ದಖ್ಖನ್ನಿನ ಸುಲ್ತಾನರಿಗೆ ಇಂಥವರು ಬೇಕಾಗಿದ್ದುದಕ್ಕೆ ಕಾರಣವಿತ್ತು. ನಾಡಿನಲ್ಲಿ ಕುಲವಿಲ್ಲದ, ಬಂಧುಗಳಿಲ್ಲದ, ಜಮೀನಿಲ್ಲದ ಸೈನಿಕನಿಗೆ ಒಡೆಯನೊಬ್ಬನೇ ಗತಿ. ಆದ್ದರಿಂದ ಅವನು ಒಡೆಯನಿಗೆ ನಿಷ್ಠನಾಗಿರುತ್ತಾನೆ ಎಂಬುದು ಅವರ ಲೆಕ್ಕ. ತಾಯಿಯಿಂದ ಮಗುವನ್ನು ಕಿತ್ತುಕೊಂಡು ಅದರ ಅನಾಥತನವನ್ನೇ ರಾಜ್ಯದ ಬಲವಾಗಿ ಮಾಡಿಕೊಂಡ ವ್ಯವಸ್ಥೆಯಿದು.

15ನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಬಹಮನಿ ರಾಜ್ಯ ಒಡೆಯುತ್ತಿದ್ದಾಗ ಕಲಬುರಗಿಯ ಅಧಿಕಾರ ಒಬ್ಬ ಹಬಶಿಯ ಕೈಯಲ್ಲಿತ್ತು. ಅವನ ಹೆಸರು ದಸ್ತೂರ್ ದಿನಾರ್. ಸುಲ್ತಾನನ ವಿರುದ್ಧವೇ ಬಂಡೆದ್ದು, ಕ್ಷಮೆ ಪಡೆದು, ಮತ್ತೆ ಬಲಗೊಂಡ ಈ ಸರದಾರನು ಕೊನೆಗೆ 16ನೆಯ ಶತಮಾನದ ಆರಂಭದಲ್ಲಿ ಬಿಜಾಪುರದ ಯೂಸುಫ್ ಆದಿಲ್ ಖಾನನೊಡನೆ ಹೋರಾಡುತ್ತ ಮಡಿದನು. ಅನಂತರ ಕಲಬುರಗಿ ಬಿಜಾಪುರದ ಪಾಲಾಯಿತು. ನಮ್ಮ ಕೋಟೆಯ ಗೋಡೆಗಳ ಒಳಗೆ ಆಳಿದವರ ಪಟ್ಟಿಯಲ್ಲಿ ಆಫ್ರಿಕದ ಒಬ್ಬ ಗುಲಾಮನ ಹೆಸರೂ ಇದೆ ಎಂಬುದನ್ನು ನಮ್ಮ ಮಕ್ಕಳಿಗೆ ಯಾರೂ ಹೇಳುವುದಿಲ್ಲ.

ಆ ಹೆಸರನ್ನು ಇನ್ನೊಮ್ಮೆ ಗಮನಿಸಬೇಕು. ದಿನಾರ್ ಎಂದರೆ ಚಿನ್ನದ ನಾಣ್ಯ. ಗುಲಾಮರಿಗೆ ಇಂಥ ಹೆಸರುಗಳನ್ನಿಡುವುದು ಆ ಕಾಲದ ವಾಡಿಕೆಯಾಗಿತ್ತು. ಅಂಬರ್ ಎಂದರೆ ತಿಮಿಂಗಿಲದಿಂದ ದೊರೆಯುವ ಸುಗಂಧದ್ರವ್ಯ. ಯಾಕೂತ್ ಎಂದರೆ ಮಾಣಿಕ್ಯ. ಜೌಹರ್ ಎಂದರೆ ರತ್ನ. ಸಂದಲ್ ಎಂದರೆ ಗಂಧ. ರೈಹಾನ್ ಎಂದರೆ ಪರಿಮಳದ ಎಲೆ. ಕೇಳಲು ಇಂಪಾದ ಹೆಸರುಗಳೇ. ಆದರೆ ಇವೆಲ್ಲ ಅಂಗಡಿಯ ತಕ್ಕಡಿಯಲ್ಲಿ ತೂಗುವ ವಸ್ತುಗಳ ಹೆಸರುಗಳು. ತಾಯಿ ಇಟ್ಟ ಹೆಸರು ಕಡಲಿನ ಆಚೆ ಉಳಿಯಿತು. ಬೆಲೆ ಕೊಟ್ಟವನು ಬೆಲೆಬಾಳುವ ವಸ್ತುವಿನ ಹೆಸರನ್ನೇ ಇಟ್ಟನು.

ಆನೆಯ ಮೇಲಿನ ವಜೀರ

ಸುಮಾರು 1645ರಲ್ಲಿ ಬಿಜಾಪುರದ ಹೈದರ್ ಅಲಿ ಮತ್ತು ಇಬ್ರಾಹಿಂ ಖಾನ್ ಎಂಬ ಇಬ್ಬರು ಕಲಾವಿದರು ಒಂದು ಚಿತ್ರವನ್ನು ಬರೆದರು. ಮದಿಸಿದ ದೊಡ್ಡ ಆನೆಯ ಮೇಲೆ ಸುಲ್ತಾನ ಮುಹಮ್ಮದ್ ಆದಿಲ್ ಶಾಹ ಕುಳಿತಿದ್ದಾನೆ. ಅವನ ಹಿಂದೆ, ಅದೇ ಆನೆಯ ಬೆನ್ನ ಮೇಲೆ, ಜರಿಯ ಅಂಗಿ ತೊಟ್ಟ ಕಪ್ಪು ಮೈಬಣ್ಣದ ಒಬ್ಬನಿದ್ದಾನೆ. ಅವನೇ ವಜೀರ ಇಖ್ಲಾಸ್ ಖಾನ್. ಮೊದಲು ಅವನ ಹೆಸರು ಮಲಿಕ್ ರೈಹಾನ್. ಹಬಶಿ ಗುಲಾಮನಾಗಿ ಬಂದವನು ಬಿಜಾಪುರದ ಆಡಳಿತವನ್ನೂ ಸೈನ್ಯವನ್ನೂ ನಡೆಸುವಷ್ಟು ಎತ್ತರಕ್ಕೆ ಏರಿದನು. ಅವನೊಬ್ಬನೇ ಇರುವ ಭಾವಚಿತ್ರಗಳೂ ಉಳಿದಿವೆ. ಅಮೆರಿಕದ ಸ್ಯಾನ್ ಡಿಯಾಗೋ ಕಲಾ ಸಂಗ್ರಹಾಲಯದಲ್ಲಿರುವ ಒಂದರಲ್ಲಿ ಅವನ ಕೈಯಲ್ಲಿ ಮನವಿ ಪತ್ರವಿದೆ. ಚಿತ್ರದ ನಡುವೆ ಅವನೇ ಇದ್ದಾನೆ, ಅವನ ಹೆಸರೂ ಇದೆ. ಕಲಾವಿದನು ಅವನ ಮುಖದ ಗೆರೆಗಳನ್ನು ಸುಲ್ತಾನನ ಮುಖಕ್ಕೆ ಕೊಟ್ಟಷ್ಟೇ ಶ್ರದ್ಧೆಯಿಂದ ಬಿಡಿಸಿದ್ದಾನೆ.

ಇದೇ ಕಾಲದ ಇನ್ನೊಬ್ಬ ಪ್ರಸಿದ್ಧ ಹಬಶಿ ಅಹಮದ್‌ನಗರದ ಮಲಿಕ್ ಅಂಬರ್. ಸುಮಾರು 1548ರಲ್ಲಿ ಇಥಿಯೋಪಿಯದಲ್ಲಿ ಹುಟ್ಟಿದ ಅವನ ಮೊದಲ ಹೆಸರು ಚಾಪು. ಕೈಯಿಂದ ಕೈಗೆ ಮಾರಾಟವಾಗಿ, ಬಾಗ್ದಾದಿನ ವ್ಯಾಪಾರಿಯೊಬ್ಬನಿಂದ ಅಂಬರ್ ಎಂಬ ಹೆಸರು ಪಡೆದು, ಕೊನೆಗೆ ಅಹಮದ್‌ನಗರದ ಪೇಶ್ವೆ ಚಂಗೀಜ್ ಖಾನನ ಮನೆ ಸೇರಿದನು. ಆ ಪೇಶ್ವೆಯೂ ಹಿಂದೊಮ್ಮೆ ಗುಲಾಮನಾಗಿದ್ದ ಹಬಶಿಯೇ. ಒಡೆಯ ಸತ್ತ ಮೇಲೆ ಅಂಬರನು ಸ್ವತಂತ್ರನಾದನು, ಸೈನ್ಯ ಕಟ್ಟಿದನು, ಮೊಗಲರನ್ನು ವರ್ಷಗಟ್ಟಲೆ ತಡೆದು ನಿಲ್ಲಿಸಿದನು, ಮುಂದೆ ಔರಂಗಾಬಾದ್ ಆಗಿ ಬೆಳೆದ ಖಡಕಿ ನಗರವನ್ನು ಕಟ್ಟಿಸಿದನು. ಹಾಶಿಂ ಎಂಬ ಕಲಾವಿದನು ಬರೆದ ಅವನ ಭಾವಚಿತ್ರ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಸಂಗ್ರಹಾಲಯದಲ್ಲಿದೆ. ಬಿಳಿಯ ಬಟ್ಟೆಯುಟ್ಟ, ವಯಸ್ಸಾದ, ಗಂಭೀರ ಮುಖದ ಮನುಷ್ಯ.

ಅದೇ ಅಂಬರನನ್ನು ಮೊಗಲ್ ಆಸ್ಥಾನ ಬೇರೆ ರೀತಿಯಲ್ಲೂ ಚಿತ್ರಿಸಿತು. ಸುಮಾರು 1616ರಲ್ಲಿ ಅಬುಲ್ ಹಸನ್ ಬರೆದ ಚಿತ್ರ ಈಗ ಡಬ್ಲಿನ್ನಿನ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿದೆ. ಅದರಲ್ಲಿ ಬಾದಶಹ ಜಹಾಂಗೀರನು ಭೂಗೋಳದ ಮೇಲೆ ನಿಂತು, ಈಟಿಗೆ ಸಿಕ್ಕಿಸಿದ ಅಂಬರನ ರುಂಡಕ್ಕೆ ಬಾಣ ಬಿಡುತ್ತಿದ್ದಾನೆ. ಅದರ ಮೇಲಿನ ಫಾರಸಿ ಬರಹ ಅಂಬರನ ಮೈಬಣ್ಣವನ್ನು ಇರುಳಿಗೆ ಹೋಲಿಸಿ ಹಳಿಯುತ್ತದೆ. ಇದು ಎಂದೂ ನಡೆಯದ ಘಟನೆ. ಜಹಾಂಗೀರನ ಕೈಗೆ ಅಂಬರನು ಸಿಗಲೇ ಇಲ್ಲ. 1626ರಲ್ಲಿ ಮುಪ್ಪಿನಲ್ಲಿ ತೀರಿಕೊಂಡು ಖುಲ್ದಾಬಾದಿನ ತನ್ನ ಗೋರಿಯಲ್ಲಿ ಮಲಗಿದನು. ಯುದ್ಧಭೂಮಿಯಲ್ಲಿ ಆಗದ ಕೆಲಸವನ್ನು ಬಾದಶಹನು ಕಾಗದದ ಮೇಲೆ ಮಾಡಿಸಿಕೊಂಡನು. ಭಾವಚಿತ್ರವು ಕಂಡದ್ದನ್ನು ಮಾತ್ರವಲ್ಲ, ಬಲವುಳ್ಳವರು ಬಯಸಿದ್ದನ್ನೂ ಬರೆಯುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಡ.

ಹಾಗೆಂದು ದಖ್ಖನ್ನಿನ ಗುಲಾಮಗಿರಿ ಸೌಮ್ಯವಾಗಿತ್ತು ಎಂದು ನಾವು ಸಮಾಧಾನ ಮಾಡಿಕೊಳ್ಳಬಾರದು. ಅಂಬರನೇ ಮುಂದೆ ಹಬಶಿ ಗುಲಾಮರನ್ನು ಕೊಂಡು ತನ್ನ ಸೈನ್ಯವನ್ನು ಬೆಳೆಸಿದನು. ಸಂಕೋಲೆ ಕಳಚಿದವನು ಇನ್ನೊಬ್ಬನಿಗೆ ಸಂಕೋಲೆ ಹಾಕಿದನು. ಒಬ್ಬನು ಆನೆ ಏರಿದ್ದರಿಂದ ಆನೆಯ ಮುಂದೆ ಓಡುವವರ ಬದುಕು ಹಗುರವಾಗಲಿಲ್ಲ. ಚಾಮರ ಬೀಸುವವರಿಗೆ, ಕುದುರೆ ಹಿಡಿದವರಿಗೆ, ಜನಾನಾದಲ್ಲಿ ದುಡಿದ ಹೆಂಗಸರಿಗೆ ಹೆಸರುಳ್ಳ ಭಾವಚಿತ್ರ ದಕ್ಕಲಿಲ್ಲ. ಆದರೂ ಒಂದು ಮಾತು ನಿಜ. ಇಲ್ಲಿ ಗುಲಾಮನಾಗಿ ಬಂದವನು ಚೌಕಟ್ಟಿನ ನಡುವೆ ಕುಳಿತುಕೊಳ್ಳುವ ಸಾಧ್ಯತೆ ಇತ್ತು. ಮುಂದೆ ಕಡಲಿನ ಮೇಲೆ ಬಂದವರ ಚಿತ್ರಗಳಲ್ಲಿ ಆ ಬಾಗಿಲು ಮುಚ್ಚಿತು.

ಗೋವೆಯ ಕೊಡೆ, ಮದರಾಸಿನ ಕೊರಳಪಟ್ಟಿ

ಪೋರ್ಚುಗೀಸರು 1510ರಲ್ಲಿ ಬಿಜಾಪುರದ ಕೈಯಿಂದ ಗೋವೆಯನ್ನು ಕಸಿದುಕೊಂಡರು. 1583ರಿಂದ 1588ರವರೆಗೆ ಅಲ್ಲಿ ಮಹಾಧರ್ಮಾಧ್ಯಕ್ಷರ ಬಳಿ ಕಾರಕೂನನಾಗಿದ್ದ ಡಚ್ ತರುಣ ಯಾನ್ ಹಯ್ಗೆನ್ ವಾನ್ ಲಿನ್ಸ್ಖೋಟೆನ್, ಊರಿಗೆ ಮರಳಿ 1596ರಲ್ಲಿ ತನ್ನ ಪ್ರವಾಸದ ಪುಸ್ತಕವನ್ನು ಅಚ್ಚು ಹಾಕಿಸಿದನು. ಅದರ ಚಿತ್ರಪಟಗಳಲ್ಲಿ ಗೋವೆಯ ಬೀದಿ ಕಾಣುತ್ತದೆ. ಪೋರ್ಚುಗೀಸ್ ಗೃಹಸ್ಥನು ಕುದುರೆಯ ಮೇಲೆ ಹೋಗುತ್ತಾನೆ, ಒಬ್ಬನು ಅವನಿಗೆ ಕೊಡೆ ಹಿಡಿದಿರುತ್ತಾನೆ. ದೊರೆಸಾನಿಯ ಪಲ್ಲಕ್ಕಿಯನ್ನು ಗುಲಾಮರು ಹೊತ್ತಿರುತ್ತಾರೆ. ಕೊಡೆ ಎಷ್ಟು ದೊಡ್ಡದೋ ಯಜಮಾನನ ಅಂತಸ್ತು ಅಷ್ಟು ದೊಡ್ಡದು. ಕೊಡೆ ಹಿಡಿದವನಿಗೆ ಮಾತ್ರ ನೆರಳಿಲ್ಲ.

ಯುರೋಪಿನಲ್ಲಿ ಈ ವಾಡಿಕೆ ಆಗಲೇ ಬೇರೂರಿತ್ತು. ಸುಮಾರು 1523ರಲ್ಲಿ ವೆನಿಸ್ಸಿನ ಟಿಷಿಯನ್ ಲೌರಾ ದಿಯಾಂತಿ ಎಂಬ ಶ್ರೀಮಂತ ಸ್ತ್ರೀಯ ಪಕ್ಕದಲ್ಲಿ ಆಫ್ರಿಕದ ಒಬ್ಬ ಬಾಲಕನನ್ನು ನಿಲ್ಲಿಸಿ ಬರೆದನು. ಅವನ ಅನಂತರದವರು ಅದನ್ನೇ ಅನುಸರಿಸಿದರು. ಮುತ್ತಿನ ಹಾರ, ರೇಷ್ಮೆ, ನಾಯಿಮರಿ, ಹಣ್ಣಿನ ತಟ್ಟೆ ಇವುಗಳ ಸಾಲಿನಲ್ಲಿ ಕಪ್ಪು ಬಾಲಕನೂ ಸೇರಿದನು. ಅವನ ಮೈಯ ಕಪ್ಪು ಒಡತಿಯ ಬಿಳುಪನ್ನು ಎತ್ತಿ ತೋರಿಸಬೇಕು. ಅವನ ಮೇಲ್ಮುಖದ ನೋಟ ನಮ್ಮ ಕಣ್ಣನ್ನು ಒಡತಿಯ ಕಡೆಗೆ ತಿರುಗಿಸಬೇಕು. ಚಿತ್ರದಲ್ಲಿ ಅವನಿಗೆ ಇದ್ದ ಕೆಲಸ ಇಷ್ಟೇ.

ಈ ಪರಂಪರೆಯ ಒಂದು ಚಿತ್ರ ನೇರವಾಗಿ ನಮ್ಮ ದಕ್ಷಿಣ ಭಾರತದ ಹಣದೊಡನೆ ಬೆಸೆದುಕೊಂಡಿದೆ. ಎಲಿಹು ಯೇಲ್ 1687ರಿಂದ 1692ರವರೆಗೆ ಮದರಾಸಿನ ಸೇಂಟ್ ಜಾರ್ಜ್ ಕೋಟೆಯ ಗವರ್ನರಾಗಿದ್ದನು. ಅಲ್ಲಿ ಸಂಪಾದಿಸಿದ ಐಶ್ವರ್ಯದೊಡನೆ ಇಂಗ್ಲೆಂಡಿಗೆ ಮರಳಿದನು. 1718ರಲ್ಲಿ ಅಮೆರಿಕದ ಒಂದು ಸಣ್ಣ ಕಾಲೇಜಿಗೆ ಅವನು ಕೊಟ್ಟ ಬಟ್ಟೆಯ ಗಂಟುಗಳು ಮತ್ತು ಪುಸ್ತಕಗಳಿಗಾಗಿ ಆ ಕಾಲೇಜಿಗೆ ಅವನ ಹೆಸರಿಟ್ಟರು. ಅದೇ ಇಂದಿನ ಯೇಲ್ ವಿಶ್ವವಿದ್ಯಾಲಯ. ಸುಮಾರು 1719ರ ಅವನ ಚಿತ್ರವೊಂದು ಅಲ್ಲಿನ ಬ್ರಿಟಿಷ್ ಕಲಾ ಕೇಂದ್ರದಲ್ಲಿದೆ. ಯೇಲ್ ಮತ್ತು ಅವನ ಬಂಧುಗಳು ಮೇಜಿನ ಸುತ್ತ ವಿರಾಮವಾಗಿ ಕುಳಿತಿದ್ದಾರೆ. ಹಿಂದೆ ತೋಟದಲ್ಲಿ ಮನೆಯ ಮಕ್ಕಳು ಆಡುತ್ತಿವೆ. ಬಲಗಡೆಯ ಅಂಚಿನಲ್ಲಿ ಒಬ್ಬ ಕಪ್ಪು ಬಾಲಕನು ಪಾನೀಯ ಬಡಿಸಲು ನಿಂತಿದ್ದಾನೆ. ಅವನ ಒಳ್ಳೆಯ ಉಡುಪಿನ ಮೇಲೆ, ಕೊರಳಿಗೆ, ಬೆಳ್ಳಿಯ ಪಟ್ಟಿಯಿದೆ. ಪಟ್ಟಿಗೆ ಬೀಗವಿದೆ.

ಒಂದೇ ಚಿತ್ರದಲ್ಲಿ ಎರಡು ಬಾಲ್ಯಗಳಿವೆ. ತೋಟದ ಮಕ್ಕಳಿಗೆ ಆಟ, ಈ ಮಗುವಿಗೆ ಬೀಗ. ಚಿತ್ರಕಾರನಿಗೆ ಇದರಲ್ಲಿ ನಾಚಿಕೆ ಕಾಣಲಿಲ್ಲ. ಕಂಡಿದ್ದರೆ ಪಟ್ಟಿಯನ್ನು ಮರೆಮಾಡುತ್ತಿದ್ದನು. ಬೆಳ್ಳಿ ಹೊಳೆಯುವಂತೆ ಬರೆದಿರುವುದರಿಂದ, ಅದು ನೋಡಲೆಂದೇ ಬರೆದದ್ದು ಎಂದು ತಿಳಿಯುತ್ತದೆ. ಚಿತ್ರದಲ್ಲಿರುವ ದೊಡ್ಡವರು ಯಾರು ಯಾರೆಂದು ವಿದ್ವಾಂಸರು ಶೋಧಿಸಿದ್ದಾರೆ. ಬಾಲಕನ ಹೆಸರು ದೊರೆತಿಲ್ಲ. 2020ರಲ್ಲಿ ಆ ಚಿತ್ರವನ್ನು ಕೆಲಕಾಲ ಗೋಡೆಯಿಂದ ಇಳಿಸಿ, ಆ ಸ್ಥಳದಲ್ಲಿ ಟೈಟಸ್ ಕಾಫರ್ ಎಂಬ ಆಫ್ರಿಕನ್ ಅಮೆರಿಕನ್ ಕಲಾವಿದರು 2016ರಲ್ಲಿ ಬರೆದ ಚಿತ್ರವನ್ನು ತೂಗುಹಾಕಿದರು. ಅದರಲ್ಲಿ ಯಜಮಾನರೆಲ್ಲ ಮುದುಡಿದ ಬಟ್ಟೆಯೊಳಗೆ ಮಡಚಿಹೋಗಿದ್ದಾರೆ. ಬಾಲಕನ ಮುಖಕ್ಕೆ ಮಾತ್ರ ಚಿನ್ನದ ಚೌಕಟ್ಟು. ಕೊರಳಿನಲ್ಲಿ ಪಟ್ಟಿಯಿಲ್ಲ. ಅವನು ನಮ್ಮನ್ನೇ ದಿಟ್ಟಿಸುತ್ತಾನೆ. ಮುಂದೆ ಹಳೆಯ ಚಿತ್ರ ಮತ್ತೆ ಗೋಡೆಗೆ ಬಂದಾಗ ಅದರ ಶೀರ್ಷಿಕೆಯಲ್ಲಿ ಗುಲಾಮನಾಗಿದ್ದ ಆ ಮಗುವಿನ ಉಲ್ಲೇಖವೂ ಇತ್ತು. 2024ರಲ್ಲಿ ಆ ವಿಶ್ವವಿದ್ಯಾಲಯ ಗುಲಾಮಗಿರಿಯೊಡನೆ ತನಗಿದ್ದ ಸಂಬಂಧಕ್ಕಾಗಿ ಬಹಿರಂಗವಾಗಿ ಕ್ಷಮೆ ಕೇಳಿತು.

ಕಂಪನಿಯ ದೊರೆಗಳು

18ನೆಯ ಶತಮಾನದ ಉತ್ತರಾರ್ಧದಲ್ಲಿ ಕಂಪನಿಯ ಅಧಿಕಾರ ಬೆಳೆದಂತೆ ಟಿಲ್ಲಿ ಕೆಟಲ್, ಯೋಹಾನ್ ಜೋಫನಿ, ಥಾಮಸ್ ಹಿಕಿ ಮೊದಲಾದ ಚಿತ್ರಕಾರರು ಭಾರತಕ್ಕೆ ಬಂದರು. ಇಲ್ಲಿ ಹಣ ಮಾಡಿದ ಸಾಹೇಬರಿಗೆ ತಮ್ಮ ದೊಡ್ಡಸ್ತಿಕೆಯನ್ನು ಊರಿನಲ್ಲಿ ತೋರಿಸಬೇಕಾಗಿತ್ತು. ಹುಕ್ಕಾ ಹಿಡಿದವನು, ಕೊಡೆ ಹಿಡಿದವನು, ಕೂಸು ಎತ್ತಿದ ಆಯಾ, ಇವರೆಲ್ಲ ಆ ತೋರಿಕೆಯ ಸಾಮಗ್ರಿಯಾದರು. ಇಂಗ್ಲೆಂಡಿನಲ್ಲೇ ಜೋಶುವಾ ರೆನಾಲ್ಡ್ಸ್ 1765–66ರಲ್ಲಿ ಬರೆದ ಜಾರ್ಜ್ ಕ್ಲೈವ್ ಕುಟುಂಬದ ಚಿತ್ರ ಈಗ ಬರ್ಲಿನ್ನಿನಲ್ಲಿದೆ. ಅದರಲ್ಲಿ ಮನೆಯ ಚಿಕ್ಕ ಮಗಳನ್ನು ಹಿಡಿದುಕೊಂಡಿರುವ ಭಾರತೀಯ ಹೆಂಗಸು ಶೀರ್ಷಿಕೆಯಲ್ಲಿ ಕೇವಲ ಸೇವಕಿ. ಜೋಫನಿ 1786ರಲ್ಲಿ ಬರೆದ ಕರ್ನಲ್ ಬ್ಲೇರ್ ಕುಟುಂಬದ ಚಿತ್ರದಲ್ಲೂ ಒಬ್ಬ ಭಾರತೀಯ ಹುಡುಗಿ ಇದ್ದಾಳೆ. ಅವಳಿಗೂ ಹೆಸರಿಲ್ಲ.

ಇವರೆಲ್ಲರೂ ಕೊಂಡು ತಂದ ಗುಲಾಮರಲ್ಲ. ಸಂಬಳದ ಆಳುಗಳೂ ಇದ್ದರು. ಆದರೆ ಗೆರೆ ತೆಳುವಾಗಿತ್ತು. 1785ರಲ್ಲಿ ಕಲ್ಕತ್ತೆಯ ನ್ಯಾಯಾಧೀಶ ಸರ್ ವಿಲಿಯಂ ಜೋನ್ಸ್, ಆ ನಗರದಲ್ಲಿ ಗುಲಾಮ ಮಗುವಿಲ್ಲದ ಮನೆಯೇ ಅಪರೂಪವೆಂದೂ, ಮಾರಾಟದ ಮಕ್ಕಳನ್ನು ತುಂಬಿದ ದೋಣಿಗಳು ಹೊಳೆಯಲ್ಲಿ ಬರುತ್ತಿವೆಯೆಂದೂ ನ್ಯಾಯಪಂಚರ ಮುಂದೆ ಹೇಳಿದನು. 1789ರಲ್ಲಿ ಲಾರ್ಡ್ ಕಾರ್ನ್‌ವಾಲಿಸ್ ಗುಲಾಮರನ್ನು ಹಡಗಿನಲ್ಲಿ ಹೊರಗೆ ಸಾಗಿಸುವುದನ್ನು ನಿಷೇಧಿಸಿದನು. ಒಳಗಿನದು ನಡೆಯುತ್ತಲೇ ಇತ್ತು. ಬ್ರಿಟಿಷ್ ಸಂಸತ್ತು 1833ರಲ್ಲಿ ಗುಲಾಮಗಿರಿಯನ್ನು ರದ್ದುಗೊಳಿಸಿದಾಗ ಕಂಪನಿಯ ಭಾರತವನ್ನು ಹೊರಗಿಟ್ಟಿತು. ಇಲ್ಲಿ ಕಾಯಿದೆ ಬಂದದ್ದು 1843ರಲ್ಲಿ. ಗುಲಾಮರ ಕೊಳ್ಳುವಿಕೆ ಮಾರುವಿಕೆಗಳು ಅಪರಾಧವಾದದ್ದು 1860ರ ದಂಡ ಸಂಹಿತೆಯಿಂದ.

ಈ ಚಿತ್ರಗಳ ನಡುವೆ ಕನ್ನಡ ನಾಡಿಗೆ ಸೇರಿದ ಒಂದು ಅಪರೂಪದ ಚಿತ್ರವಿದೆ. ಟಿಪ್ಪುವಿನ ಪತನದ ಅನಂತರ ಮೈಸೂರು ಸೀಮೆಯನ್ನು ಅಳೆದು, ಕೈಫಿಯತ್ತುಗಳನ್ನೂ ಶಾಸನಗಳನ್ನೂ ಕೂಡಿಸಿದ ಕರ್ನಲ್ ಕಾಲಿನ್ ಮೆಕೆಂಜಿಯನ್ನು ಥಾಮಸ್ ಹಿಕಿ 1816ರಲ್ಲಿ ಬರೆದನು. ಕೆಂಪು ಕೋಟಿನ ಮೆಕೆಂಜಿ ನಡುವೆ ನಿಂತಿದ್ದಾನೆ. ದೂರದಲ್ಲಿ ಕಾರ್ಕಳದ ಗೊಮ್ಮಟ ಕಾಣುತ್ತಾನೆ. ಸುತ್ತ ಮೂವರು ಭಾರತೀಯರು. ಒಬ್ಬನ ಕೈಯಲ್ಲಿ ತಾಳೆಗರಿ, ಇನ್ನೊಬ್ಬನ ಕೈಯಲ್ಲಿ ದೂರದರ್ಶಕ. ತಾಳೆಗರಿ ಹಿಡಿದವರು ಮಲೆಯೂರಿನ ಜೈನ ಪಂಡಿತ ಧರ್ಮಯ್ಯ, ಮತ್ತೊಬ್ಬರು ಕಾವಲಿ ವೆಂಕಟ ಲಕ್ಷ್ಮಯ್ಯ, ದೂರದರ್ಶಕ ಹಿಡಿದವನು ಜವಾನ ಕಿಷ್ಟನಾಜಿ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಇವರು ಗುಲಾಮರಲ್ಲ. ಹಳಗನ್ನಡ ಶಾಸನವನ್ನು ಓದಿ ಹೇಳುವ ವಿದ್ಯೆ ಸಾಹೇಬನಲ್ಲಿರಲಿಲ್ಲ, ಧರ್ಮಯ್ಯನವರಲ್ಲಿತ್ತು. ಆದರೂ ಚಿತ್ರದ ನಡುವಿನ ಸ್ಥಾನ ಸಾಹೇಬನದು. ಅಂಚಿನಲ್ಲಿ ನಿಂತವರ ಕೈಯಲ್ಲೇ ಆ ಚಿತ್ರದ ನಿಜವಾದ ಸಂಪತ್ತು ಇದೆ. ಅವರ ಹೆಸರುಗಳು ದೊರೆತದ್ದರಿಂದಲೇ ಇಂದು ಆ ಚಿತ್ರ ನಮಗೆ ಬೇರೆಯಾಗಿ ಕಾಣುತ್ತದೆ. ಒಂದು ಹೆಸರು ಮಾಡುವ ಕೆಲಸ ಅಷ್ಟು ದೊಡ್ಡದು.

ನಮ್ಮ ಲೆಕ್ಕ

ಇಷ್ಟನ್ನೂ ಅನ್ಯರ ತಪ್ಪೆಂದು ಓದಿ ಮುಗಿಸುವ ಹಕ್ಕು ಕ್ರೈಸ್ತರಾದ ನಮಗಿಲ್ಲ. ಲಿನ್ಸ್ಖೋಟೆನ್ ಕಂಡ ಗೋವೆಯ ಯಜಮಾನರು ಭಾನುವಾರ ಪೂಜೆಗೆ ಹೋಗುತ್ತಿದ್ದವರು. ಕೊಡೆ ಹಿಡಿದವನು ದೇವಾಲಯದ ಬಾಗಿಲವರೆಗೂ ಬರುತ್ತಿದ್ದನು. 1452 ಮತ್ತು 1455ರಲ್ಲಿ ಜಗದ್ಗುರು ಐದನೆಯ ನಿಕೋಲಾಸರ ಪತ್ರಗಳು ಪೋರ್ಚುಗಲ್ಲಿನ ಅರಸನಿಗೆ ಅನ್ಯಧರ್ಮೀಯರನ್ನು ಸೆರೆಗೊಳಿಸುವ ಅನುಮತಿ ಕೊಟ್ಟವು. 1537ರಲ್ಲಿ ಮೂರನೆಯ ಪೌಲರು ಅಮೆರಿಕದ ಮೂಲನಿವಾಸಿಗಳನ್ನು ಗುಲಾಮರನ್ನಾಗಿಸುವುದನ್ನು ಖಂಡಿಸಿದರು. 1839ರಲ್ಲಿ ಹದಿನಾರನೆಯ ಗ್ರೆಗೊರಿಯವರು ಗುಲಾಮರ ವ್ಯಾಪಾರವನ್ನು ಸ್ಪಷ್ಟವಾಗಿ ಧಿಕ್ಕರಿಸಿದರು. 1992ರಲ್ಲಿ ಎರಡನೆಯ ಜಾನ್ ಪೌಲರು ಸೆನೆಗಲ್ಲಿನ ಗೋರೆ ದ್ವೀಪದಲ್ಲಿ, ಗುಲಾಮರನ್ನು ಹಡಗಿಗೆ ಹತ್ತಿಸಿದ ಸ್ಥಳದಲ್ಲಿ, ಕ್ರೈಸ್ತರ ಈ ಪಾಪಕ್ಕಾಗಿ ಕ್ಷಮೆ ಬೇಡಿದರು. 15ನೆಯ ಶತಮಾನದ ಆ ಪತ್ರಗಳ ಆಧಾರದ ಮೇಲೆ ಬೆಳೆದ ಸಿದ್ಧಾಂತವನ್ನು ವ್ಯಾಟಿಕನ್ 2023ರಲ್ಲಿ ನಿರಾಕರಿಸಿತು. ದಾರಿ ಉದ್ದವಾಯಿತು, ಆ ದಾರಿಯುದ್ದಕ್ಕೂ ಮನುಷ್ಯರು ಮಾರಾಟವಾಗುತ್ತಿದ್ದರು.

ಆ ಮಾರಾಟದ ಒಂದು ಎಳೆ ನಮ್ಮ ಕರ್ನಾಟಕದಲ್ಲಿದೆ. ಗೋವೆಯ ಒಡೆತನದಿಂದ ತಪ್ಪಿಸಿಕೊಂಡವರೂ ಬಿಡುಗಡೆ ಪಡೆದವರೂ ಘಟ್ಟದ ಕಾಡು ಸೇರಿದರು. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ಕಡೆಯ ಸಿದ್ದಿಗಳ ಪೂರ್ವಜರಲ್ಲಿ ಅನೇಕರು ಅವರೇ. ಅವರಲ್ಲಿ ಹಿಂದೂಗಳಿದ್ದಾರೆ, ಮುಸಲ್ಮಾನರಿದ್ದಾರೆ, ನಮ್ಮ ಧರ್ಮಸಭೆಯ ಸಹೋದರ ಸಹೋದರಿಯರೂ ಇದ್ದಾರೆ. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡಾಗ ಆ ಸಮುದಾಯದಿಂದ ಮೊದಲ ಬಾರಿಗೆ ಒಬ್ಬರು ಶಾಸನಸಭೆಯನ್ನು ಪ್ರವೇಶಿಸಿದರು. ಇವರ ಪೂರ್ವಜರ ಭಾವಚಿತ್ರವನ್ನು ಯಾರೂ ಬರೆಯಲಿಲ್ಲ. ಆದರೆ ಸಿದ್ದಿ ಹೆಣ್ಣುಮಕ್ಕಳು ಹಳೆಯ ಸೀರೆಯ ತುಂಡುಗಳನ್ನು ಕೂಡಿಸಿ ಕೌದಿ ಹೊಲಿಯುತ್ತಾರೆ. ಕಲಬುರಗಿ ಸೀಮೆಯ ನಮಗೆ ಕೌದಿ ಹೊಸದಲ್ಲ. ಅವರ ಕೌದಿಯ ನಾಲ್ಕು ಮೂಲೆಗಳಲ್ಲಿ ಬಟ್ಟೆಯ ಹೂವು ಇರಲೇಬೇಕು. ಇಲ್ಲದಿದ್ದರೆ ಕೌದಿ ಬೆತ್ತಲೆ ಎನ್ನುತ್ತಾರೆ. ಕ್ರೈಸ್ತ ಮನೆಗಳ ಕೌದಿಗಳಲ್ಲಿ ಶಿಲುಬೆಯೂ ಕಾಣುತ್ತದೆ. ಇನ್ನೊಬ್ಬರ ಚೌಕಟ್ಟಿನ ಅಂಚಿನಲ್ಲಿ ನಿಂತವರ ಮೊಮ್ಮಕ್ಕಳು ತಮ್ಮದೇ ಚೌಕಟ್ಟನ್ನು ಹೊಲಿದುಕೊಂಡು, ಅದರ ಅಂಚಿಗೇ ಹೂವಿಟ್ಟರು.

ಸಂತ ಪೌಲರು ಸೆರೆಮನೆಯಿಂದ ಫಿಲೆಮೋನನಿಗೆ ಬರೆದ ಚಿಕ್ಕ ಪತ್ರ ಈ ಸಂದರ್ಭದಲ್ಲಿ ನೆನಪಾಗುತ್ತದೆ. ಅದು ಒಬ್ಬ ಗುಲಾಮನ ವಿಷಯದ ಪತ್ರ. ಅವನ ಹೆಸರು ಒನೇಸಿಮ. ಗ್ರೀಕ್ ಭಾಷೆಯಲ್ಲಿ ಉಪಯುಕ್ತ ಎಂದು ಅರ್ಥ. ದಿನಾರ್, ಅಂಬರ್ ಎಂಬಂತೆ ಇದೂ ಯಜಮಾನನ ಲಾಭವನ್ನು ನೆನೆದು ಇಟ್ಟ ಹೆಸರು. ಪೌಲರು ಆ ಹೆಸರಿನ ಅರ್ಥವನ್ನೇ ತಿರುಗಿಸಿ, ಅವನನ್ನು ಗುಲಾಮನೆಂದಲ್ಲ, ಪ್ರಿಯ ಸಹೋದರನೆಂದು ಬರಮಾಡಿಕೋ ಎಂದು ಕೇಳಿಕೊಂಡರು. ಆ ಪತ್ರ ಗುಲಾಮಗಿರಿಯನ್ನು ಅಂದೇ ಅಳಿಸಲಿಲ್ಲ. ಕ್ರೈಸ್ತರು ಅದನ್ನು ಓದುತ್ತಲೇ ಶತಮಾನಗಳ ಕಾಲ ಗುಲಾಮರನ್ನು ಇಟ್ಟುಕೊಂಡರು. ಆದರೆ ಅಂಚಿನಲ್ಲಿದ್ದ ಒಬ್ಬ ಮನುಷ್ಯನ ಹೆಸರನ್ನು ಅದು ಕಾಪಾಡಿತು, ಅವನಿಗೊಂದು ಸಂಬಂಧವನ್ನು ಕೊಟ್ಟಿತು. ಇಂದಿಗೂ ಪ್ರತಿಯೊಂದು ದೇವಾಲಯದಲ್ಲಿ ಆ ಹೆಸರು ಓದಲ್ಪಡುತ್ತದೆ.

ಮತ್ತೆ ಕಮಲಾಪುರಕ್ಕೆ

ಜೀತ ಪದ್ಧತಿಯನ್ನು ನಮ್ಮ ದೇಶ ಕಾಯಿದೆಯಿಂದ ರದ್ದುಗೊಳಿಸಿದ್ದು 1976ರಲ್ಲಿ. ನಮ್ಮ ಭಾಗದ ಹಿರಿಯರಲ್ಲಿ ಜೀತದಾಳುಗಳನ್ನು ಕಂಡವರಿದ್ದಾರೆ, ಜೀತಕ್ಕಿದ್ದವರೂ ಇದ್ದಾರೆ. ತಂದೆ ಪಡೆದ ಸಾಲಕ್ಕೆ ಮಗ ದನ ಕಾಯುವುದು, ಹಬ್ಬಕ್ಕೊಂದು ಅಂಗಿ, ಉಳಿದ ಅನ್ನ, ಬೈಗುಳದ ಅಡ್ಡಹೆಸರು. ಬೆಳ್ಳಿಯ ಪಟ್ಟಿ ಇರಲಿಲ್ಲ. ಪಟ್ಟಿಯ ಕೆಲಸವನ್ನು ಸಾಲದ ಚೀಟಿಯೇ ಮಾಡಿತು. ಇಂದು ನಮ್ಮ ಮನೆಗಳಲ್ಲಿ ಪಾತ್ರೆ ತಿಕ್ಕುವವರನ್ನು, ನಮ್ಮ ಮಕ್ಕಳನ್ನು ಆಡಿಸುವವರನ್ನು ಹೆಸರು ಹಿಡಿದು ಕರೆಯುತ್ತೇವೆ. ಆದರೆ ಮನೆಯ ಸಮಾರಂಭದ ಫೋಟೋ ತೆಗೆಯುವ ಹೊತ್ತಿಗೆ ಅವರು ಎಲ್ಲಿರುತ್ತಾರೆ? ಅಡುಗೆಮನೆಯಲ್ಲಿ ಇರುತ್ತಾರೆ, ಇಲ್ಲವೇ ಕ್ಯಾಮೆರಾ ಹಿಡಿದವರ ಹಿಂದೆ ಕೂಸನ್ನು ಎತ್ತಿಕೊಂಡು ನಿಂತಿರುತ್ತಾರೆ. ಹಿಂದಿನವರು ಅವರನ್ನು ಅಂಚಿನಲ್ಲಾದರೂ ನಿಲ್ಲಿಸಿದರು. ನಾವು ಚೌಕಟ್ಟಿನಿಂದಲೇ ಹೊರಗಿಟ್ಟಿದ್ದೇವೆ.

ಎರಡನೆಯ ಸಲ ಕಮಲಾಪುರಕ್ಕೆ ಹೋದಾಗ ಆ ಮನೆಯ ಯಜಮಾನರೇ ಮಾತು ತೆಗೆದರು. ನಾನು ಕೇಳಿದ ಪ್ರಶ್ನೆ ಅವರ ಮನಸ್ಸಿನಲ್ಲಿ ಉಳಿದಿತ್ತು. ತಮ್ಮ ಸೋದರತ್ತೆಯ ಊರಿಗೆ ಹೋಗಿ ಕೇಳಿ ಬಂದಿದ್ದರು. ವಯಸ್ಸಾದ ಆ ತಾಯಿಗೆ ಹುಡುಗನ ಹೆಸರು ನೆನಪಿತ್ತು. "ನನ್ನ ಎತ್ತಿ ಆಡಿಸಿದಂವ ಅಂವಾ," ಎಂದು ಹೇಳಿ ಬಹಳ ಹೊತ್ತು ಸುಮ್ಮನೆ ಕುಳಿತಿದ್ದರಂತೆ. ಚಿತ್ರದಲ್ಲಿ ಅವನ ಸೊಂಟದ ಮೇಲಿದ್ದ ಕೂಸು ಆ ತಾಯಿಯೇ. ಅವನ ತಂದೆಯ ಹೆಸರಾಗಲಿ, ಊರಾಗಲಿ, ಮುಂದೆ ಅವನು ಎಲ್ಲಿಗೆ ಹೋದನೆಂಬುದಾಗಲಿ ಅವರಿಗೂ ತಿಳಿದಿರಲಿಲ್ಲ.

ಯಜಮಾನರು ಚೌಕಟ್ಟನ್ನು ಗೋಡೆಯಿಂದ ಇಳಿಸಿ ಹಿಂಬದಿಯನ್ನು ತೋರಿಸಿದರು. ಮನೆಮಂದಿಯ ಹೆಸರುಗಳ ಕೆಳಗೆ, ಅದೇ ಸಾಲಿನಲ್ಲಿ, ಅವನ ಹೆಸರನ್ನೂ ಪೆನ್ನಿನಿಂದ ಬರೆದಿದ್ದರು. ಅದರ ಮುಂದೆ ಊರು ಎಂದು ಬರೆದು, ಒಂದಿಷ್ಟು ಜಾಗವನ್ನು ಖಾಲಿ ಬಿಟ್ಟಿದ್ದರು.